"ದಿಸ್ ಮಂತ್ ಓನ್ಲಿ": ಒಂದು ಪುಟ್ಟ ಪದ, ಕೈತಪ್ಪಿದ ಆರು ತಿಂಗಳ ಕೆಲಸ

(ಇದು ಆಡಿಯೋ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿ ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ಪಾತ್ರೆ ತೊಳೀತಾ ಫೋನನ್ನ ಸಿಂಕ್ ಪಕ್ಕ ಒರಗಿಸಿಟ್ಟಿರೋರಿಗೆ, ನಾಳೆ ಎಕ್ಸಾಮ್ ಇಟ್ಕೊಂಡು ಇದನ್ನ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡೋಣ. ಆ ಪದ "ಓನ್ಲಿ". ಇದರಲ್ಲಿ ಮಾತಾಡೋಕೆ ಏನಿದೆ, ಓನ್ಲಿ ಅಂದ್ರೆ "ಮಾತ್ರ", ಮೂರನೇ ಕ್ಲಾಸಲ್ಲೇ ಕಲಿತಿದ್ದೀವಿ ಅಂತೀರಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಹಾಗೆ ಅಂದ್ಕೊಂಡಿದ್ದಕ್ಕೆ ನನಗೆ 90,000 ರೂಪಾಯಿ ಹೋಯ್ತು. ಆ ಕಥೆಯಿಂದಲೇ ಶುರು ಮಾಡ್ತೀನಿ.

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಪಾಡ್‌ಕಾಸ್ಟ್ ಜೊತೆಗೆ ಬೇರೆಯವರ ಆಡಿಯೋ ಎಡಿಟ್ ಮಾಡಿಕೊಡ್ತಾ ಇದ್ದೆ. ಹೊರದೇಶದ ಒಂದು ಸಣ್ಣ ಆಡಿಯೋ ಸಂಸ್ಥೆಗೆ ಸ್ಯಾಂಪಲ್ ಕಳಿಸಿದ್ದೆ. ಆರು ತಿಂಗಳ ಕೆಲಸ, ತಿಂಗಳಿಗೆ 15,000 ರೂಪಾಯಿ. ನನಗೆ ಅದು ದೊಡ್ಡ ದುಡ್ಡೇ. ಅವರಿಂದ ಮೇಲ್ ಬಂತು: ಸ್ಯಾಂಪಲ್ ಚೆನ್ನಾಗಿದೆ, ನೀವು ಯಾವಾಗ ಮಾಡಿಕೊಡ್ತೀರಿ? ನಾನು ಖುಷಿಯಲ್ಲಿ ಎರಡೇ ನಿಮಿಷದಲ್ಲಿ ಉತ್ತರ ಬರೆದೆ: "ಐ ಕ್ಯಾನ್ ಡೂ ಇಟ್ ದಿಸ್ ಮಂತ್ ಓನ್ಲಿ."

ನನ್ನ ತಲೆಯಲ್ಲಿ ಇದ್ದದ್ದು ಅಪ್ಪಟ ಕನ್ನಡ: "ಈ ತಿಂಗಳೇ ಮಾಡಿಕೊಡ್ತೀನಿ." ಅಂದ್ರೆ ತಡ ಮಾಡಲ್ಲ, ಮುಂದಿನ ತಿಂಗಳವರೆಗೆ ಕಾಯಿಸಲ್ಲ, ಈಗಲೇ ರೆಡಿ. ಅವರು ಓದಿದ್ದು ಬೇರೆ: "ಈ ತಿಂಗಳು ಮಾತ್ರ ಮಾಡಬಲ್ಲೆ." ಅಂದ್ರೆ ಮುಂದಿನ ತಿಂಗಳಿಂದ ನಾನಿಲ್ಲ.

ಎರಡು ದಿನ ಬಿಟ್ಟು ತುಂಬಾ ಮರ್ಯಾದೆಯ ಉತ್ತರ ಬಂತು. ಧನ್ಯವಾದ, ನಮಗೆ ಆರು ತಿಂಗಳೂ ಇರೋರು ಬೇಕಿತ್ತು, ಒಳ್ಳೇದಾಗಲಿ ಅಂತ. ನನ್ನ ಎಡಿಟಿಂಗ್ ಇಷ್ಟ ಆಗಲಿಲ್ಲ, ಅದನ್ನ ನಯವಾಗಿ ಹೇಳ್ತಿದ್ದಾರೆ ಅಂದ್ಕೊಂಡೆ. ಮೂರು ವಾರ ಬೇಜಾರಲ್ಲಿದ್ದು, ಕೊನೆಗೆ ಧೈರ್ಯ ಮಾಡಿ, ನನ್ನ ಕೆಲಸದಲ್ಲಿ ಏನು ಕೊರತೆ ಇತ್ತು ಹೇಳಿ, ಮುಂದೆ ತಿದ್ಕೊಳ್ತೀನಿ ಅಂತ ಕೇಳಿದೆ. ಉತ್ತರ ಬಂತು: ಕೆಲಸದಲ್ಲಿ ಕೊರತೆ ಏನೂ ಇರಲಿಲ್ಲ, ಒಂದೇ ತಿಂಗಳು ಆಗೋದು ಅಂತ ನೀವೇ ಹೇಳಿದ್ರಲ್ಲ.

ಅಷ್ಟರಲ್ಲಿ ಆ ಕೆಲಸ ಇನ್ಯಾರಿಗೋ ಹೋಗಿತ್ತು. ನಾನು ನನ್ನ ಹಳೇ ಮೇಲ್ ತೆಗೆದು ಐದಾರು ಸಲ ಓದಿದೆ. ವ್ಯಾಕರಣದಲ್ಲಿ ತಪ್ಪಿಲ್ಲ, ಸ್ಪೆಲಿಂಗ್ ತಪ್ಪಿಲ್ಲ. ಅವರಿಗೂ ನನ್ನ ಮೇಲೆ ಏನೂ ಕೋಪ ಇರಲಿಲ್ಲ. ಆ ವಾಕ್ಯವನ್ನ ಅವರು ಅವರ ಕಿವಿಯಲ್ಲಿ ಕೇಳಿಸಿಕೊಂಡ್ರು, ನಾನು ನನ್ನ ಬಾಯಲ್ಲಿ ಹೇಳಿದ್ದೆ. ಅವತ್ತಿಂದ ಈ ಪದದ ಹಿಂದೆ ಬಿದ್ದೆ. ಆಗ ಕಲಿತದ್ದನ್ನ ಇವತ್ತು ಹಂಚ್ಕೊಳ್ತೀನಿ.

ಒಂದರಿಂದ ಹುಟ್ಟಿದ ಪದ

ಮೊದಲು ಪದದ ಹುಟ್ಟು. "ಓನ್ಲಿ" ಹುಟ್ಟಿದ್ದು "ಒನ್" ಅನ್ನೋದರಿಂದ. ಹಳೇ ಇಂಗ್ಲಿಷ್‌ನಲ್ಲಿ ಒಂದಕ್ಕೆ "ಆನ್" ಅಂತಿದ್ರು. ಅದಕ್ಕೆ "ಲಿಕ್" ಸೇರಿ "ಆನ್‌ಲಿಕ್" ಆಯ್ತು, ಅಂದ್ರೆ "ಒಂದರ ಹಾಗೆ ಇರೋದು". ಕಾಲ ಕಳೆದ ಹಾಗೆ "ಲಿಕ್" ಸವೆದು "ಲಿ" ಆಯ್ತು.

ಇಲ್ಲೊಂದು ಮಜಾ ಇದೆ. ಈಗ ನಾವು ಅಂಕಿಯನ್ನ "ವನ್" ಅಂತೀವಿ, ಆದ್ರೆ ಈ ಪದವನ್ನ "ವನ್ಲಿ" ಅನ್ನಲ್ಲ, "ಓನ್ಲಿ" ಅಂತೀವಿ. ಯಾಕೆ? ಅಂಕಿಯ ಉಚ್ಚಾರಣೆ ನಡುವೆ ಎಲ್ಲೋ ಬದಲಾಯ್ತು, ಅದರ ಮುಂದೆ ಒಂದು "ವ" ಬಂದು ಕೂತ್ಕೊಳ್ತು. "ಓನ್ಲಿ", "ಅಲೋನ್" ಇಂಥ ಪದಗಳು ಹಳೇ ದನಿಯನ್ನೇ ಉಳಿಸಿಕೊಂಡವು. "ಅಲೋನ್" ಅಂದ್ರೆ "ಆಲ್" ಸೇರಿದ "ಒನ್", ಪೂರ್ತಿ ಒಬ್ಬನೇ. ಅದರ ತಲೆ ಕತ್ತರಿಸಿದ್ರೆ "ಲೋನ್", ಅದರಿಂದ "ಲೋನ್ಲಿ". ನಮ್ಮಲ್ಲೂ "ಒಂದು", "ಒಬ್ಬ", "ಒಂಟಿ" ಒಂದೇ ಮನೆಯ ಪದಗಳು, ಅಲ್ವಾ? ಹಾಗೇ.

ಇನ್ನು ನಮ್ಮ "ಮಾತ್ರ". ಅದು ಸಂಸ್ಕೃತದಿಂದ ಬಂದದ್ದು, ಮೂಲ ಅರ್ಥ "ಅಳತೆ". ಛಂದಸ್ಸಿನಲ್ಲಿ ಎಣಿಸೋ ಮಾತ್ರೆ, ಜ್ವರಕ್ಕೆ ನುಂಗೋ ಮಾತ್ರೆ, ಎರಡೂ ಇದರ ನೆಂಟರೇ. "ಹತ್ತು ರೂಪಾಯಿ ಮಾತ್ರ" ಅಂದ್ರೆ ಹತ್ತು ರೂಪಾಯಿಯಷ್ಟೇ ಅಳತೆ, ಅದಕ್ಕಿಂತ ಹೆಚ್ಚಿಲ್ಲ. ಇಂಗ್ಲಿಷ್ ಎಣಿಕೆಯಿಂದ ಹೊರಟಿತು, ನಮ್ಮದು ಅಳತೆಯಿಂದ ಹೊರಟಿತು. ಎರಡೂ ಬಂದು ನಿಂತದ್ದು ಒಂದೇ ಕಡೆ: ಇದು ಹೌದು, ಬೇರೆಯದು ಅಲ್ಲ.

ಈ ಕೊನೇ ಮಾತನ್ನ ನೆನಪಿಟ್ಟುಕೊಳ್ಳಿ. "ಓನ್ಲಿ" ಬಂದಾಗೆಲ್ಲ ಎರಡು ಸುದ್ದಿ ಒಟ್ಟಿಗೆ ಬರುತ್ತೆ. "ಓನ್ಲಿ ಕಾವ್ಯ ಕೇಮ್" ಅಂದ್ರೆ ಒಂದು, ಕಾವ್ಯ ಬಂದಳು. ಎರಡು, ಬೇರೆ ಯಾರೂ ಬರಲಿಲ್ಲ. ನಾನು ಮೇಲ್‌ನಲ್ಲಿ ಹೇಳಬೇಕು ಅಂದ್ಕೊಂಡಿದ್ದು ಮೊದಲನೇ ಸುದ್ದಿ ಒಂದೇ. ಎರಡನೇ ಸುದ್ದಿ ನನಗೇ ಗೊತ್ತಿಲ್ಲದ ಹಾಗೆ ಜೊತೆಗೆ ಹೋಯ್ತು.

ಎಲ್ಲಿ ಕೂತರೆ ಏನರ್ಥ

ಈ ಪದ ವಾಕ್ಯದಲ್ಲಿ ಎಲ್ಲಿ ಬೇಕಾದ್ರೂ ಕೂರುತ್ತೆ. ಕೂತ ಕಡೆ ಅರ್ಥ ಬದಲಾಗುತ್ತೆ. ಒಂದು ವಾಕ್ಯ ತಗೊಳ್ಳೋಣ: "ಐ ಲೆಂಟ್ ರವಿ ಫೈವ್ ಹಂಡ್ರೆಡ್ ಯೆಸ್ಟರ್‌ಡೇ." ನಿನ್ನೆ ರವಿಗೆ ಐನೂರು ಸಾಲ ಕೊಟ್ಟೆ. ಈಗ ಓನ್ಲಿಯನ್ನ ಒಂದೊಂದೇ ಜಾಗಕ್ಕೆ ಸರಿಸ್ತಾ ಹೋಗ್ತೀನಿ.

"ಓನ್ಲಿ ಐ ಲೆಂಟ್ ರವಿ ಫೈವ್ ಹಂಡ್ರೆಡ್." ಸಾಲ ಕೊಟ್ಟಿದ್ದು ನಾನೊಬ್ಬಳೇ. ಇಡೀ ಗ್ಯಾಂಗ್‌ನಲ್ಲಿ ಬೇರೆ ಯಾರೂ ಐನೂರು ಕೊಡಲಿಲ್ಲ.

"ಐ ಲೆಂಟ್ ಓನ್ಲಿ ರವಿ ಫೈವ್ ಹಂಡ್ರೆಡ್." ರವಿಗೆ ಮಾತ್ರ ಕೊಟ್ಟೆ, ಸಂತೋಷ್‌ಗೆ ಕೊಡಲಿಲ್ಲ.

"ಐ ಲೆಂಟ್ ರವಿ ಓನ್ಲಿ ಫೈವ್ ಹಂಡ್ರೆಡ್." ಕೊಟ್ಟಿದ್ದು ಐನೂರೇ, ಸಾವಿರ ಅಲ್ಲ.

"ಐ ಲೆಂಟ್ ರವಿ ಫೈವ್ ಹಂಡ್ರೆಡ್ ಓನ್ಲಿ ಯೆಸ್ಟರ್‌ಡೇ." ನಿನ್ನೆಯಷ್ಟೇ ಕೊಟ್ಟಿದ್ದು, ಇಷ್ಟು ಬೇಗ ವಾಪಸ್ ಕೇಳೋದು ಹೇಗೆ?

"ಐ ಓನ್ಲಿ ಲೆಂಟ್ ರವಿ ಫೈವ್ ಹಂಡ್ರೆಡ್ ಯೆಸ್ಟರ್‌ಡೇ." ಇದೊಂದು ತರಲೆ. ಓನ್ಲಿ ಕ್ರಿಯಾಪದದ ಮುಂದೆ ಬಂದ್ರೆ ಮೇಲಿನ ಎಷ್ಟೋ ಅರ್ಥಗಳು ಇದರಲ್ಲೇ ಅಡಗಿ ಕೂರುತ್ತವೆ. "ಲೆಂಟ್" ಮೇಲೆ ಒತ್ತು ಹಾಕಿದ್ರೆ: ಸಾಲ ಕೊಟ್ಟೆ ಅಷ್ಟೇ, ಸುಮ್ಮನೆ ಕೊಡಲಿಲ್ಲ. "ರವಿ" ಮೇಲೆ ಒತ್ತು ಹಾಕಿದ್ರೆ: ಅವನೊಬ್ಬನಿಗೇ. "ಫೈವ್ ಹಂಡ್ರೆಡ್" ಮೇಲೆ ಒತ್ತು ಹಾಕಿದ್ರೆ: ಅಷ್ಟೇ ದುಡ್ಡು.

ಇದನ್ನ ಕೇಳಿಸಿಕೊಂಡವರಿಗೆ ನನ್ನ ದನಿ ಎಲ್ಲಿ ಏರಿತು ಅಂತ ಗೊತ್ತಾಗಿರುತ್ತೆ. ಓದ್ತಿರೋರಿಗೆ ಗೊತ್ತಾಗಲ್ಲ, ನಾನು ಬಿಡಿಸಿ ಹೇಳಬೇಕಾಯ್ತು. ಇದೇ ಇಲ್ಲಿನ ಮುಖ್ಯ ವಿಷಯ. ಮಾತಲ್ಲಿ ಒತ್ತು ಕೆಲಸ ಮಾಡುತ್ತೆ, ಹಾಗಾಗಿ ಓನ್ಲಿ ಎಲ್ಲಿದ್ರೂ ನಡೆಯುತ್ತೆ. ಬರಹದಲ್ಲಿ ಒತ್ತು ಇಲ್ಲ, ಜಾಗ ಮಾತ್ರ ಇದೆ.

ಇಂಗ್ಲಿಷರೇ ಇದರ ಬಗ್ಗೆ ಶತಮಾನಗಟ್ಟಲೆ ಜಗಳ ಆಡಿದ್ದಾರೆ. ರಾಬರ್ಟ್ ಲೌತ್ ಅನ್ನೋ ಪಾದ್ರಿ, ಮುಂದೆ ಲಂಡನ್ನಿನ ಬಿಷಪ್ ಆದವರು, 1762ರಲ್ಲಿ ಒಂದು ವ್ಯಾಕರಣ ಪುಸ್ತಕ ಬರೆದರು. ಓನ್ಲಿ ಯಾವ ಪದಕ್ಕೆ ಸಂಬಂಧಪಟ್ಟಿದೆಯೋ ಅದರ ಪಕ್ಕದಲ್ಲೇ ಇರಬೇಕು ಅನ್ನೋದು ಅವರ ಪಕ್ಷ. ಆಮೇಲೆ ಬಂದ ಎಷ್ಟೋ ಮೇಷ್ಟ್ರುಗಳು ಇದನ್ನ ಕಡ್ಡಾಯ ಮಾಡಿಬಿಟ್ಟರು. 1926ರಲ್ಲಿ ಎಚ್. ಡಬ್ಲ್ಯು. ಫೌಲರ್ ಅನ್ನೋ ನಿಘಂಟುಕಾರ, ಇಂಗ್ಲಿಷ್ ಬಳಕೆ ಬಗ್ಗೆ ತಾವು ಬರೆದ ಪ್ರಸಿದ್ಧ ಪುಸ್ತಕದಲ್ಲಿ ಇಂಥವರನ್ನ ಚೆನ್ನಾಗಿ ತರಾಟೆಗೆ ತಗೊಂಡರು. ಅರ್ಥ ಕೆಡದೇ ಇರೋ ಕಡೆ ಓನ್ಲಿ ಕ್ರಿಯಾಪದದ ಮುಂದೆ ಬರೋದು ಇಂಗ್ಲಿಷಿನ ಸಹಜ ಗುಣ, ಅದನ್ನ ಯಾಕೆ ಎಳೆದಾಡ್ತೀರಿ ಅನ್ನೋದು ಅವರ ವಾದದ ಸಾರ.

ನನ್ನ ಲೆಕ್ಕ ಇಷ್ಟು. ವಾಟ್ಸ್ಯಾಪಲ್ಲಿ ಫ್ರೆಂಡ್‌ಗೆ ಬರೆಯುವಾಗ ಫೌಲರ್ ಮಾತು ಕೇಳಿ. ದುಡ್ಡು, ತಾರೀಖು, ಷರತ್ತು ಇರೋ ಮೇಲ್ ಬರೆಯುವಾಗ ಲೌತ್ ಮಾತು ಕೇಳಿ.

ನಮ್ಮ ಓನ್ಲಿ, ನಮ್ಮ "ಏ"

ಈಗ ನನ್ನ ಮೇಲ್‌ಗೆ ವಾಪಸ್ ಬರೋಣ. "ದಿಸ್ ಮಂತ್ ಓನ್ಲಿ" ಅಂತ ನಾನ್ಯಾಕೆ ಬರೆದೆ?

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಅವ್ಯಯಗಳ ಪಾಠ ಇತ್ತು, ನೆನಪಿದೆಯಾ? ಅದರಲ್ಲಿ ಅವಧಾರಣಾರ್ಥಕ ಅವ್ಯಯ ಅಂತ ಒಂದು ಉದ್ದ ಹೆಸರು. ಹೆಸರು ಉದ್ದ, ಸರಕು ಒಂದೇ ಅಕ್ಷರ: "ಏ". ನಾನೇ, ನೀನೇ, ಅಲ್ಲೇ, ಇವತ್ತೇ, ಈಗಲೇ. ಅವಧಾರಣೆ ಅಂದ್ರೆ ಇದೇ ಅಂತ ಬೆರಳಿಟ್ಟು ಗಟ್ಟಿಯಾಗಿ ಹೇಳೋದು.

ಈ "ಏ" ಎರಡು ಕೆಲಸ ಮಾಡುತ್ತೆ. "ಒಂದೇ ಇಡ್ಲಿ ತಿಂದೆ" ಅಂದಾಗ ಅದು "ಮಾತ್ರ"ದ ಕೆಲಸ ಮಾಡ್ತಿದೆ, ಎರಡನೇ ಇಡ್ಲಿ ಇಲ್ಲ. ಆದ್ರೆ "ಇವತ್ತೇ ಬರ್ತೀನಿ" ಅಂದಾಗ ನಾಳೆ ಬರಲ್ಲ ಅಂತ ಅರ್ಥ ಅಲ್ಲ. ಇವತ್ತು ಖಂಡಿತ ಬರ್ತೀನಿ, ತಡ ಮಾಡಲ್ಲ ಅಂತ. "ಮನೇಲೇ ಇದ್ದೀನಿ" ಅಂದ್ರೆ ಜೀವನಪೂರ್ತಿ ಮನೇಲಿ ಮಾತ್ರ ಇರ್ತೀನಿ ಅಂತಲ್ಲ, ಈಗ ಬೇರೆಲ್ಲೂ ಹೋಗಿಲ್ಲ, ಬಾ ಅಂತ. ಮೊದಲನೇದು ಬೇಲಿ ಹಾಕೋ "ಏ", ಎರಡನೇದು ಬೆರಳಿಡೋ "ಏ".

ನಾವು ಇಂಗ್ಲಿಷ್ ಮಾತಾಡುವಾಗ ಈ ಎರಡೂ "ಏ"ಗಳಿಗೆ ಒಂದೇ ಪದ ಹಾಕ್ತೀವಿ, ಓನ್ಲಿ. ಕನ್ನಡದ "ಏ" ಪದದ ಬಾಲಕ್ಕೆ ಅಂಟಿಕೊಳ್ಳುತ್ತೆ, ಹಾಗಾಗಿ ನಮ್ಮ ಓನ್ಲಿಯೂ ಪದದ ಹಿಂದೆ ಹೋಗಿ ನಿಲ್ಲುತ್ತೆ. "ಐ ಆಮ್ ಅಟ್ ಹೋಮ್ ಓನ್ಲಿ." "ಹಿ ಈಸ್ ಲೈಕ್ ದಟ್ ಓನ್ಲಿ." ಅವನು ಇರೋದೇ ಹಾಗೆ!

ಇದು ಕನ್ನಡದವರದ್ದು ಮಾತ್ರ ಅಲ್ಲ. ತೆಲುಗಲ್ಲೂ "ಏ" ಇದೆ. ತಮಿಳಲ್ಲಿ "ಏ" ಜೊತೆಗೆ "ದಾನ್" ಇದೆ. ಹಿಂದಿಯಲ್ಲಿ "ಹೀ", ಮರಾಠಿಯಲ್ಲಿ "ಚ್". ಎಲ್ಲವೂ ಪದದ ಹಿಂದೆ ಬರೋವೇ. ಹಾಗಾಗಿ ಬೆಂಗಳೂರು, ಹೈದರಾಬಾದ್, ಚೆನ್ನೈ, ಪುಣೆ, ದೆಹಲಿ ಎಲ್ಲಾ ಕಡೆಯವರ ಇಂಗ್ಲಿಷ್‌ನಲ್ಲೂ ಈ ಓನ್ಲಿ ಕೇಳಿಸುತ್ತೆ. ನಾವು ಒಬ್ಬರಿಗೊಬ್ಬರು ಮಾತಾಡುವಾಗ ಒಂಚೂರೂ ಗೊಂದಲ ಆಗಲ್ಲ, ಯಾಕಂದ್ರೆ ಎಲ್ಲರ ತಲೆಯಲ್ಲೂ ಅಂಥದೇ ಒಂದು ಬಾಲ ಇದೆ. ಭಾಷಾವಿಜ್ಞಾನಿಗಳು ಇದನ್ನ ತಪ್ಪು ಅಂತ ಪಕ್ಕಕ್ಕಿಟ್ಟಿಲ್ಲ, ಇಂಡಿಯನ್ ಇಂಗ್ಲಿಷಿನ ಒಂದು ಲಕ್ಷಣ ಅಂತ ಕೂತು ಅಧ್ಯಯನ ಮಾಡಿದ್ದಾರೆ.

ಗೊಂದಲ ಆಗೋದು ಈ ಬಾಲ ಇಲ್ಲದವರ ಜೊತೆ ಮಾತಾಡುವಾಗ. ಒಂದು ಉದಾಹರಣೆ: "ಯೂ ಓನ್ಲಿ ಟೋಲ್ಡ್ ಮಿ." ನಮ್ಮ ಆಫೀಸಲ್ಲಿ ಇದರರ್ಥ "ನೀನೇ ತಾನೇ ಹೇಳಿದ್ದು!" ಜಗಳದ ಮಾತು. ಲಂಡನ್ನಿನವರಿಗೆ ಇದರರ್ಥ "ನೀನು ನನಗೊಬ್ಬಳಿಗೆ ಹೇಳಿದೆ", ಇಲ್ಲಾ "ಹೇಳಿದೆ ಅಷ್ಟೇ, ಇನ್ನೇನೂ ಮಾಡಲಿಲ್ಲ". ನೀವು ದೂರ್ತಾ ಇದ್ದೀರಿ, ಅವರು ಗುಟ್ಟು ಕೇಳಿಸಿಕೊಂಡ ಹಾಗೆ ತಲೆಯಾಡಿಸ್ತಾರೆ.

ನನ್ನ ಮೇಲ್‌ನಲ್ಲಿ ಆಗಿದ್ದೂ ಇದೇ. ನಾನು ಬೆರಳಿಟ್ಟೆ, ಅವರಿಗೆ ಬೇಲಿ ಕಾಣಿಸ್ತು.

ಚೆಕ್ಕಿನ ಮೇಲಿನ ಓನ್ಲಿ

ಬೇಲಿ ಅಂದಾಗ ನೆನಪಾಯ್ತು. ನಾನು ಈ ಪದವನ್ನ ಮೊದಲು ಕಲಿತದ್ದು ಇಂಗ್ಲಿಷ್ ಕ್ಲಾಸಲ್ಲಿ ಅಲ್ಲ, ಅಪ್ಪನ ಅಂಗಡಿ ಗಲ್ಲಾ ಪಕ್ಕ ನಿಂತು. ಹೋಲ್‌ಸೇಲ್‌ನವರಿಗೆ ಚೆಕ್ ಬರೆಯೋ ಕೆಲಸ ನನಗೆ ಕೊಡ್ತಿದ್ರು, ಕೈಬರಹ ಚೆನ್ನಾಗಿದೆ ಅಂತ. ಬರೆದು ಮುಗಿಸಿದ ತಕ್ಷಣ ಅಪ್ಪ ಕೇಳೋ ಪ್ರಶ್ನೆ ಒಂದೇ: "ಓನ್ಲಿ ಹಾಕಿದ್ಯೇನಮ್ಮಾ?"

ಆಗ ಅದು ಯಾವುದೋ ಶಾಸ್ತ್ರ ಅಂದ್ಕೊಂಡಿದ್ದೆ. ಕಾರಣ ಗೊತ್ತಾಗಿದ್ದು ಬಿ.ಕಾಂ.ಗೆ ಬಂದ ಮೇಲೆ. ನಮ್ಮ ದೇಶದಲ್ಲಿ ಚೆಕ್‌ಗಳಿಗೆ ಸಂಬಂಧಪಟ್ಟ ಕಾನೂನು 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್. ಅದರ 18ನೇ ಸೆಕ್ಷನ್ ಪ್ರಕಾರ ಅಂಕಿಯಲ್ಲಿ ಬರೆದ ಮೊತ್ತಕ್ಕೂ ಅಕ್ಷರದಲ್ಲಿ ಬರೆದ ಮೊತ್ತಕ್ಕೂ ವ್ಯತ್ಯಾಸ ಇದ್ದರೆ, ಅಕ್ಷರದಲ್ಲಿ ಇರೋದೇ ಲೆಕ್ಕಕ್ಕೆ. ಹಾಗಿದ್ದ ಮೇಲೆ ಅಕ್ಷರದ ಸಾಲನ್ನ ಭದ್ರ ಮಾಡಬೇಕು ತಾನೇ? "ಫೈವ್ ಥೌಸಂಡ್" ಅಂತ ಬರೆದು ಹಾಗೇ ಬಿಟ್ಟರೆ ಮುಂದೆ ಖಾಲಿ ಜಾಗ ಇರುತ್ತೆ. ಕೆಟ್ಟ ಬುದ್ಧಿ ಇರೋ ಯಾರಾದ್ರೂ ಅದಕ್ಕೆ "ನೈನ್ ಹಂಡ್ರೆಡ್" ಸೇರಿಸಬಹುದು. "ಓನ್ಲಿ" ಬರೆದು ಗೆರೆ ಎಳೆದರೆ ಬಾಗಿಲು ಹಾಕಿದ ಹಾಗೆ. ಓನ್ಲಿ ಬರೆಯದಿದ್ದರೆ ಚೆಕ್ಕೇ ನಡೆಯಲ್ಲ ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಅದು ರೂಢಿ, ಆದ್ರೆ ಬುದ್ಧಿವಂತರ ರೂಢಿ. ಕನ್ನಡದ ರಸೀತಿಗಳಲ್ಲಿ "ಐದು ಸಾವಿರ ರೂಪಾಯಿಗಳು ಮಾತ್ರ" ಅಂತ ಇರೋದೂ ಇದಕ್ಕೇ.

ಚೆಕ್ಕಿನ ಎಡಮೂಲೆಯಲ್ಲಿ ಎರಡು ಗೆರೆ ಎಳೆದು ಬರೆಯೋ "ಅಕೌಂಟ್ ಪೇಯೀ ಓನ್ಲಿ" ಇನ್ನೊಂದು ಬೇಲಿ. ಯಾರ ಹೆಸರಿಗೆ ಚೆಕ್ ಇದೆಯೋ ಅವರ ಖಾತೆಗೇ ದುಡ್ಡು ಹೋಗಬೇಕು, ಕೌಂಟರ್‌ನಲ್ಲಿ ನಗದಾಗಿ ಕೊಡೋ ಹಾಗಿಲ್ಲ ಅಂತ. ಒಂದೇ ಚೆಕ್‌ನಲ್ಲಿ ಎರಡು ಓನ್ಲಿ: ಒಂದು ಎಷ್ಟು ಅನ್ನೋದಕ್ಕೆ, ಇನ್ನೊಂದು ಯಾರಿಗೆ ಅನ್ನೋದಕ್ಕೆ.

ಗಮನಿಸಿ, ಇಲ್ಲಿ ಓನ್ಲಿ ಹಿಂದೆ ಬಂದಿದೆ, ಆದ್ರೆ ಬೇಲಿಯ ಕೆಲಸವನ್ನೇ ಮಾಡ್ತಿದೆ. "ಲೇಡೀಸ್ ಓನ್ಲಿ", "ಸ್ಟಾಫ್ ಓನ್ಲಿ" ಬೋರ್ಡುಗಳಲ್ಲೂ ಅಷ್ಟೇ. ಬೋರ್ಡು, ಬಿಲ್ಲು, ಚೆಕ್ಕುಗಳಲ್ಲಿ ಹಿಂದೆ ಬರೋ ಓನ್ಲಿಯನ್ನ ಪ್ರಪಂಚದ ಎಲ್ಲಾ ಕಡೆಯ ಇಂಗ್ಲಿಷ್ ಓದೋರು "ಮಾತ್ರ" ಅಂತಲೇ ಓದ್ತಾರೆ. ನನ್ನ "ದಿಸ್ ಮಂತ್ ಓನ್ಲಿ" ಅವರ ಕಣ್ಣಿಗೆ ಹಾಗೇ ಕಂಡಿರಬೇಕು, ಅಂಗಡಿ ಮುಂದೆ ತೂಗುಹಾಕಿದ ಆಫರ್ ಬೋರ್ಡ್ ತರ. ಈ ತಿಂಗಳು ಮಾತ್ರ, ಬೇಗ ಬನ್ನಿ!

ಪರೀಕ್ಷೆ ಮತ್ತು ಷರತ್ತುಗಳ ಓನ್ಲಿ

ಬ್ಯಾಂಕ್ ಎಕ್ಸಾಮ್‌ಗೆ ಓದ್ತಿರೋರು ಈಗ ಸ್ವಲ್ಪ ಕಿವಿ ನಿಮಿರಿಸಿ. ರೀಸನಿಂಗ್ ಪೇಪರ್‌ನ ಸಿಲಾಜಿಸಂ ಪ್ರಶ್ನೆಗಳಲ್ಲಿ ಮಾರ್ಕ್ಸ್ ತಿನ್ನೋದು ಇದೇ ಪದ.

"ಓನ್ಲಿ ಟೀಚರ್ಸ್ ಆರ್ ಸಿಂಗರ್ಸ್." ಇದನ್ನ ಓದಿದ ತಕ್ಷಣ ಕೈ ಓಡೋದು "ಎಲ್ಲಾ ಟೀಚರ್ಸ್ ಸಿಂಗರ್ಸ್" ಕಡೆಗೆ. ಅದು ತಪ್ಪು. ಟೀಚರ್ ಅಲ್ಲದೋರು ಯಾರೂ ಸಿಂಗರ್ ಅಲ್ಲ ಅಂತ ತಾನೇ ಅದು ಹೇಳ್ತಿರೋದು? ಹಾಗಾದ್ರೆ ಎಲ್ಲಾ ಸಿಂಗರ್ಸ್ ಟೀಚರ್ಸ್. ಹಾಡೋಕೆ ಬರದ ಟೀಚರ್ಸ್ ಬೇಕಾದಷ್ಟು ಇರಬಹುದು. ಓನ್ಲಿ ಬಂದ್ರೆ ವಾಕ್ಯವನ್ನ ತಿರುಗಿಸಿ ಓದಿ.

"ಓನ್ಲಿ ಅ ಫ್ಯೂ" ಬಂದ್ರೆ ಎರಡು ಸುದ್ದಿ. ಕೆಲವರು ಹೌದು, ಕೆಲವರು ಅಲ್ಲ. ಬರೀ "ಸಮ್" ಅಂದ್ರೆ ಎಲ್ಲರೂ ಆಗಿರೋ ಸಾಧ್ಯತೆ ತೆರೆದೇ ಇರುತ್ತೆ. "ಓನ್ಲಿ ಅ ಫ್ಯೂ" ಅಂದ್ರೆ ಆ ಬಾಗಿಲೂ ಮುಚ್ಚಿತು.

ಇದು ಬರೀ ಎಕ್ಸಾಮ್ ವಿಷಯ ಅಲ್ಲ. ನೋಟಿಫಿಕೇಶನ್‌ನಲ್ಲಿ "ಓನ್ಲಿ ಗ್ರಾಜುಯೇಟ್ಸ್ ಕ್ಯಾನ್ ಅಪ್ಲೈ" ಅಂತ ಇದ್ರೆ, ಡಿಗ್ರಿ ಇಲ್ಲದೆ ಅರ್ಜಿ ಹಾಕೋ ಹಾಗಿಲ್ಲ ಅಂತ. ಡಿಗ್ರಿ ಇದ್ದೋರೆಲ್ಲ ಹಾಕಬಹುದು ಅಂತ ಅಲ್ಲ, ವಯಸ್ಸಿನ ಮಿತಿ ಇನ್ನೊಂದು ಪುಟದಲ್ಲಿ ಕಾದಿರಬಹುದು.

ರಿಫಂಡ್ ನಿಯಮಗಳಲ್ಲೂ ಇದೇ ಆಟ. "ರಿಫಂಡ್ ಇಫ್ ರಿಟರ್ನ್ಡ್ ವಿದಿನ್ ಸೆವೆನ್ ಡೇಸ್" ಅಂದ್ರೆ ಭರವಸೆ: ಏಳು ದಿನದೊಳಗೆ ವಾಪಸ್ ಮಾಡಿದ್ರೆ ದುಡ್ಡು ಕೊಡ್ತೀವಿ. ಅದರಲ್ಲಿ "ಇಫ್" ಮುಂದೆ ಒಂದು "ಓನ್ಲಿ" ಸೇರಿಸಿ, "ಓನ್ಲಿ ಇಫ್" ಮಾಡಿದ್ರೆ ಭರವಸೆ ಹೋಗಿ ಷರತ್ತು ಉಳಿಯುತ್ತೆ: ಏಳು ದಿನ ದಾಟಿದ್ರೆ ಖಂಡಿತ ಕೊಡಲ್ಲ, ದಾಟದಿದ್ರೂ ಕೊಟ್ಟೇ ಕೊಡ್ತೀವಿ ಅಂತ ಹೇಳಿಲ್ಲ. ಬಾಕ್ಸ್ ಹರಿದಿದೆ ಅಂತ ತಗಾದೆ ತೆಗೆಯೋಕೆ ಜಾಗ ಉಳಿಸಿಕೊಂಡಿದ್ದಾರೆ. ಮುಂದಿನ ಸಲ ನಿಯಮ ಓದುವಾಗ "ಇಫ್" ಇದೆಯೋ "ಓನ್ಲಿ ಇಫ್" ಇದೆಯೋ ನೋಡಿ.

ಇದನ್ನೇ ತಲೆಕೆಳಗೆ ಮಾಡಿದ್ರೆ "ಇಫ್ ಓನ್ಲಿ". ಅದು ಷರತ್ತೂ ಅಲ್ಲ, ಭರವಸೆಯೂ ಅಲ್ಲ, ಬರೀ ಹಳಹಳಿಕೆ. "ಇಫ್ ಓನ್ಲಿ ಐ ಹ್ಯಾಡ್ ರೆಡ್ ದ ಮೇಲ್ ಅಗೇನ್." ಛೇ, ಆ ಮೇಲ್ ಇನ್ನೊಂದು ಸಲ ಓದಿ ಕಳಿಸಿದ್ದಿದ್ರೆ! ಈ ವಾಕ್ಯವನ್ನ ನಾನು ಎಷ್ಟು ಸಲ ಅಂದ್ಕೊಂಡಿದ್ದೀನಿ ಅನ್ನೋದು ಬೇಡ.

ಇನ್ನು ಕೆಲವನ್ನ ಬೇಗ ಮುಗಿಸ್ತೀನಿ. "ಓನ್ಲಿ ಜಸ್ಟ್" ಅಂದ್ರೆ ಈಗ ತಾನೇ, ಇಲ್ಲಾ ಕೂದಲೆಳೆಯಲ್ಲಿ. "ಓನ್ಲಿ ಟೂ ಹ್ಯಾಪಿ" ಅಂದ್ರೆ ತುಂಬಾ ಖುಷಿ, ಇಲ್ಲಿ "ಮಾತ್ರ" ಅನ್ನೋ ಅರ್ಥ ಹುಡುಕಬೇಡಿ. "ಐ ವುಡ್ ಕಮ್, ಓನ್ಲಿ ಐ ಹ್ಯಾವ್ ಆನ್ ಎಕ್ಸಾಮ್" ಅಂದಾಗ ಅದು "ಆದರೆ" ಆಗುತ್ತೆ: ಬರ್ತಿದ್ದೆ, ಆದ್ರೆ ಎಕ್ಸಾಮ್ ಇದೆ. ಇನ್ನು "ಓನ್ಲಿ ದೆನ್" ವಾಕ್ಯದ ಮೊದಲು ಬಂದ್ರೆ ಕ್ರಿಯಾಪದ ಪ್ರಶ್ನೆಯ ತರ ತಿರುಗಿ ನಿಲ್ಲಬೇಕು. "ಓನ್ಲಿ ದೆನ್ ಐ ಅಂಡರ್‌ಸ್ಟುಡ್" ಅಲ್ಲ, "ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್". "ನಾಟ್ ಓನ್ಲಿ" ಮೊದಲು ಬಂದ್ರೂ ಸಾಮಾನ್ಯವಾಗಿ ಹಾಗೇ. ಎರರ್ ಸ್ಪಾಟಿಂಗ್‌ನಲ್ಲಿ ಕೇಳೋಕೆ ಇಷ್ಟ ಪಡೋ ಪ್ರಶ್ನೆ ಇದು.

ಹಾಗಾದ್ರೆ ನಮ್ಮದು ತಪ್ಪಾ?

ಕೇಳುಗರೊಬ್ಬರು ಕೆಲ ದಿನದ ಹಿಂದೆ ವಾಯ್ಸ್ ನೋಟ್ ಕಳಿಸಿದ್ರು. ಇವತ್ತಿನ ವಿಷಯಕ್ಕೆ ಅದೂ ಒಂದು ಕಾರಣ. ಇಂಟರ್‌ವ್ಯೂನಲ್ಲಿ ಊರು ಯಾವುದು ಅಂತ ಕೇಳಿದಾಗ "ಐ ಆಮ್ ಫ್ರಂ ಹಾಸನ ಓನ್ಲಿ" ಅಂದ್ರಂತೆ. ಎದುರಿಗೆ ಕೂತಿದ್ದೋರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರಂತೆ. ಆಮೇಲೆ ಬಂದ ಪ್ರಶ್ನೆಗಳಿಗೆ, ಉತ್ತರ ಗೊತ್ತಿದ್ರೂ, ಇವರ ಬಾಯಿಂದ ಮಾತೇ ಹೊರಡಲಿಲ್ಲ. "ಅಕ್ಕಾ, ನಾನು ಅಂದಿದ್ದು ತಪ್ಪಾ?" ಅಂತ ಕೇಳಿದ್ರು.

ನನ್ನ ಉತ್ತರ: ತಪ್ಪಲ್ಲ. "ಹಾಸನದವನೇ" ಅಂತ ನೀವು ಹೇಳಿದ್ದು ಎದುರಿದ್ದೋರಿಗೆ ಪೂರ್ತಿ ಅರ್ಥ ಆಗಿದೆ, ಇಲ್ಲದಿದ್ರೆ ನಗು ಬರ್ತಿರಲಿಲ್ಲ. ಅರ್ಥ ಆಗದೇ ಇರೋದು ಸಂವಹನದ ಸಮಸ್ಯೆ. ಅರ್ಥ ಆಗಿಯೂ ನಗೋದು ನಗುವವರ ಸಮಸ್ಯೆ. ಮನೆಯಲ್ಲಿ, ಬಸ್‌ಸ್ಟ್ಯಾಂಡಲ್ಲಿ, ಆಫೀಸ್ ಕ್ಯಾಂಟೀನಲ್ಲಿ ಅವರ ಬಾಯಲ್ಲೂ ಇದೇ ಓನ್ಲಿ ಬರ್ತಿರುತ್ತೆ, ಬೇಕಾದ್ರೆ ಗಮನಿಸಿ ನೋಡಿ.

ಆದ್ರೆ ನನ್ನ ಕೇಸ್ ಬೇರೆ. ಅಲ್ಲಿ ಯಾರೂ ನಗಲಿಲ್ಲ. ಅರ್ಥವೇ ಬೇರೆ ಆಯ್ತು. ನಕ್ಕಿದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ, ಏನೋ ಎಡವಟ್ಟಾಗಿದೆ ಅಂತ ಆಗಲೇ ಗೊತ್ತಾಗ್ತಿತ್ತು. ಹಾಗಾಗಿ ನಾನು ಓನ್ಲಿಯನ್ನ ಬಿಟ್ಟಿಲ್ಲ. ಫ್ರೆಂಡ್ಸ್ ಜೊತೆ ಇವತ್ತಿಗೂ "ಐ ಆಮ್ ಹಿಯರ್ ಓನ್ಲಿ ಯಾ" ಅಂತೀನಿ. ಆದ್ರೆ ದೂರದವರಿಗೆ ಮೇಲ್ ಬರೆದ ಮೇಲೆ ಒಂದು ಚಿಕ್ಕ ಪರೀಕ್ಷೆ ಮಾಡ್ತೀನಿ.

ಓನ್ಲಿ ಇರೋ ವಾಕ್ಯವನ್ನ ಮನಸ್ಸಲ್ಲೇ ಕನ್ನಡಕ್ಕೆ ತಂದು, ಆ ಜಾಗದಲ್ಲಿ "ಮಾತ್ರ" ಇಟ್ಟು ನೋಡ್ತೀನಿ. "ಈ ತಿಂಗಳು ಮಾತ್ರ." ನಾನು ಹೇಳಬೇಕಾಗಿದ್ದು ಅದೇನಾ? ಹೌದಾದ್ರೆ ಓನ್ಲಿ ಇರಲಿ, ಯಾವ ಪದಕ್ಕೆ ಬೇಕೋ ಅದರ ಮುಂದೆ ಇರಲಿ. ಅಲ್ಲ, "ಈ ತಿಂಗಳೇ" ಅನ್ನೋದು ನನ್ನ ಮಾತು ಅಂತಾದ್ರೆ ಓನ್ಲಿ ತೆಗೆದುಬಿಡ್ತೀನಿ. ಬರೀ "ದಿಸ್ ಮಂತ್" ಸಾಕು. ಒತ್ತು ಬೇಕೇ ಬೇಕು ಅಂದ್ರೆ "ದಿಸ್ ವೆರಿ ಮಂತ್". ಜಾಗಕ್ಕಾದ್ರೆ "ರೈಟ್ ಹಿಯರ್", ಕೂಡಲೇ ಅನ್ನೋದಕ್ಕೆ "ರೈಟ್ ಅವೇ". "ನೀನೇ ಹೇಳಿದ್ದು" ಅನ್ನೋಕೆ "ಯೂ ಆರ್ ದ ಒನ್ ಹೂ ಟೋಲ್ಡ್ ಮಿ". "ಟುಡೇ ಇಟ್‌ಸೆಲ್ಫ್" ಅಂತಾನೂ ನಮ್ಮಲ್ಲಿ ಬರೀತಾರೆ. ಅದೂ ಭಾರತದ ಬಳಕೆಯೇ, ಆದ್ರೆ ಓನ್ಲಿಯಷ್ಟು ಅಪಾಯ ಇಲ್ಲ, ಯಾಕಂದ್ರೆ ಅದು ಬೇರೆ ದಿನಗಳಿಗೆ ಬಾಗಿಲು ಹಾಕಲ್ಲ.

ಆ ಸಂಸ್ಥೆಗೆ ನಾನು ಆಮೇಲೆ ಇನ್ನೊಂದು ಮೇಲ್ ಬರೆದೆ. ನಾನು ಹೇಳಬೇಕು ಅಂದ್ಕೊಂಡಿದ್ದೇನು, ನಮ್ಮ ಭಾಷೆಯಲ್ಲಿ ಅದು ಹೇಗೆ ಬರುತ್ತೆ ಅಂತ ನಾಲ್ಕು ಸಾಲು. ಆ ಕಡೆಯವರು ಅದನ್ನ ಓದಿ ತುಂಬಾ ನೊಂದುಕೊಂಡು ಉತ್ತರ ಬರೆದ್ರು, ಒಂದು ಮಾತು ತಿರುಗಿ ಕೇಳಬೇಕಿತ್ತು ಅಂದ್ರು. ಕೆಲಸ ಸಿಗಲಿಲ್ಲ. ಆದ್ರೆ ಅವತ್ತಿಂದ ನಾನೂ ಒಂದು ಅಭ್ಯಾಸ ಮಾಡ್ಕೊಂಡಿದ್ದೀನಿ. ನನಗೆ ಬರೋ ಮೇಲ್‌ನಲ್ಲಿ ಯಾರಾದ್ರೂ ವಿಚಿತ್ರವಾಗಿ ಓನ್ಲಿ ಹಾಕಿದ್ರೆ, ಬೇಡ ಅನ್ನೋ ಮೊದಲು ಒಂದು ಸಲ ಕೇಳ್ತೀನಿ: ನೀವು ಹೇಳ್ತಿರೋದು ಹೀಗಾ, ಹಾಗಾ?

ಇವತ್ತಿಗೆ ಇಷ್ಟೇ. ನಿಮಗೂ ಇಂಥದೊಂದು ಓನ್ಲಿ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳದೇ ಹಾಕ್ತೀನಿ. ಮುಂದಿನ ಸಂಚಿಕೆಗೆ "ಈವನ್" ಇದೆ. ಅದೂ ನಮ್ಮ ಇನ್ನೊಂದು ಬಾಲದ ಜೊತೆ ಜಗಳ ಆಡೋ ಪದವೇ. ನಾನೂ, ನೀನೂ, ಅವನೂ ಅಂತೀವಲ್ಲ, ಆ "ಊ" ಜೊತೆ. ಈ ವಾರವೇ ಬರುತ್ತೆ. ಈ ವಾರ ಮಾತ್ರ ಅಲ್ಲ, ಈ ವಾರವೇ. ಸಿಗೋಣ.